ಮಕ್ಕಳ ಆಟದ ಸಾಮಾನು: ಎಲ್ಲಿಡಬೇಕು, ಹೇಗಿಡಬೇಕು?

ಮಕ್ಕಳಿರುವ ಮನೆಯಲ್ಲಿ ಆಟದ ಸಾಮಾನು ಇದ್ದೇ ಇರುತ್ತದೆ. ಅದು ಕೊಂಡು ತಂದುದೇ ಆಗಬೇಕೆಂದಿಲ್ಲ. ತೆಂಗಿನ ಕರಟ, ಮುರಿದ ಸೌಟು, ಬೆಂಕಿಪೊಟ್ಟಣದ ಖಾಲಿ ಗೂಡು, ಹುಣಸೆ ಬೀಜ, ಒಡೆದ ಬಳೆ, ಕೈಗೆ ಸಿಕ್ಕಿದುದೆಲ್ಲ ಆಟಿಕೆಯೇ. ಇವುಗಳಿಗೆ ಮನೆಯಲ್ಲಿ ಒಂದು ಗೊತ್ತಾದ ಜಾಗವಿರಬೇಕೆಂದರೆ, "ಅದೇನು ದೊಡ್ಡ ಸಂಗತಿ? ಕಸ ಗುಡಿಸುವಾಗ ಮೂಲೆಗೆ ತಳ್ಳಿದರಾಯಿತು" ಎನ್ನುವವರೇ ಹೆಚ್ಚು. ನಾನೂ ಹಾಗೆಯೇ ಎನ್ನುತ್ತಿದ್ದೆ. ಈಗ ಎನ್ನುವುದಿಲ್ಲ. ಅದರ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ, ಪಾಠ ಆಮೇಲೆ.

ನನ್ನ ತಮ್ಮನಿಗೆ ಇಬ್ಬರು ಮಕ್ಕಳು. ಹುಡುಗಿಗೆ ಆಗ ಎಂಟು ವರ್ಷ, ಗಂಡು ಕೂಸಿಗೆ ಹದಿನಾಲ್ಕು ತಿಂಗಳು. ಒಂದು ರಜೆಯ ದಿನ ಹುಡುಗಿ ತನ್ನ ಗೆಳತಿಯೊಡನೆ ಪಡಸಾಲೆಯಲ್ಲಿ ಅಳಗುಳಿ ಮಣೆ ಆಡುತ್ತಿದ್ದಳು. ನಾದಿನಿಯೂ ನಾನೂ ಅಡಿಗೆಯ ಕೆಲಸದಲ್ಲಿದ್ದೆವು. ಆಟ ಮುಗಿಯಿತು, ಹುಡುಗಿಯರು ಬೀದಿಗೆ ಓಡಿದರು, ಮಣೆ ಅಲ್ಲಿಯೇ ಉಳಿಯಿತು. ಕೂಸು ತೆವಳುತ್ತಾ ಹೋಗಿ ಬೀಜ ಬಾಯಿಗಿಟ್ಟುಕೊಂಡಿದೆ. ಒಮ್ಮೆಲೇ ಕೆಮ್ಮಿತು, ಮುಖ ಕೆಂಪೇರಿತು, ಕಣ್ಣಿನಲ್ಲಿ ನೀರು ಬಂತು. ನಾವು ಓಡಿ ಬರುವಷ್ಟರಲ್ಲಿ ಕೆಮ್ಮು ನಿಂತಿತ್ತು. ಎತ್ತಿಕೊಂಡು ಬೆನ್ನು ಸವರಿದೆವು, ನಗುತ್ತಿತ್ತು, ಸರಿಹೋಯಿತೆಂದುಕೊಂಡೆವು. ಮೂರನೆಯ ದಿನ ಜ್ವರ ಬಂತು, ಉಸಿರಿನಲ್ಲಿ ಸುಯ್ ಎಂಬ ಸದ್ದು ಕೇಳಿತು. ಶೀತವೆಂದು ಎರಡು ದಿನ ಕಷಾಯ ಕುಡಿಸಿದೆವು. ಕೊನೆಗೆ ಪಟ್ಟಣದ ವೈದ್ಯರ ಬಳಿಗೆ ಹೋದಾಗ ಅವರು ಎದೆಯನ್ನು ಪರೀಕ್ಷಿಸಿ, "ಒಂದು ಪಕ್ಕಕ್ಕೆ ಗಾಳಿ ಸರಿಯಾಗಿ ಹೋಗುತ್ತಿಲ್ಲ. ಈಚೆಗೆ ಆಡುತ್ತಿದ್ದಾಗ ಇದ್ದಕ್ಕಿದ್ದಂತೆ ಕೆಮ್ಮಿತ್ತೇ?" ಎಂದು ಕೇಳಿದರು. ಆಗಲೇ ನಮಗೆ ಆ ದಿನದ ನೆನಪಾದುದು. ಕೂಸಿಗೆ ಅರಿವಳಿಕೆ ಕೊಟ್ಟು, ಶ್ವಾಸನಾಳದೊಳಕ್ಕೆ ಕೊಳವೆ ಇಳಿಸಿ, ಹುಣಸೆ ಬೀಜವನ್ನು ಹೊರಕ್ಕೆ ತೆಗೆದರು.

ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಆದರೆ ಆ ಎಂಟು ವರ್ಷದ ಹುಡುಗಿ ತಿಂಗಳುಗಟ್ಟಲೆ ಮಂಕಾಗಿದ್ದಳು. ತಮ್ಮನಿಗೆ ತಾನೇ ಹಾಗೆ ಮಾಡಿದೆನೆಂದು ಅವಳ ಮನಸ್ಸಿನಲ್ಲಿತ್ತು. ತಪ್ಪು ಅವಳದಲ್ಲ. ಆಡಿದ ಮೇಲೆ ಬೀಜವನ್ನು ಎಲ್ಲಿಡಬೇಕೆಂದು ನಾವು ಯಾರೂ ಅವಳಿಗೆ ಒಂದು ಜಾಗವನ್ನೇ ತೋರಿಸಿರಲಿಲ್ಲ.

ಈ ಸಂಗತಿಯಲ್ಲಿ ತಾಯಂದಿರು ಗಮನಿಸಬೇಕಾದುದೊಂದಿದೆ. ಆ ಬೀಜ ಹುಡುಗಿಗೆ ಅಪಾಯದ ವಸ್ತುವಲ್ಲ, ಕೂಸಿಗೆ ಅಪಾಯ. ನಮ್ಮ ಮನೆಗಳಲ್ಲಿ ಎಲ್ಲ ವಯಸ್ಸಿನ ಮಕ್ಕಳೂ ಒಂದೇ ನೆಲದ ಮೇಲೆ ಆಡುತ್ತಾರೆ. ಗೋಲಿ, ಕವಡೆ, ಕಲ್ಲಾಟದ ಕಲ್ಲು, ಮೊಳೆಯುಳ್ಳ ಬುಗುರಿ ಇವೆಲ್ಲ ದೊಡ್ಡ ಮಕ್ಕಳಿಗೆ ಒಳ್ಳೆಯ ಆಟಗಳೇ, ಬಿಡಿಸಬೇಕಾದುದಿಲ್ಲ. ಅಕ್ಕನ ಆಟಿಕೆ ತಮ್ಮನ ಕೈಗೆ ಸಿಗದ ಹಾಗೆ ಎತ್ತರವನ್ನು ಬೇರೆ ಮಾಡಬೇಕು, ಅಷ್ಟೆ. ಆಟದ ಸಾಮಾನನ್ನು ಜೋಡಿಸಿಡುವುದು ಮನೆ ಚೆಂದ ಕಾಣಲೆಂದಲ್ಲ, ಇದಕ್ಕಾಗಿ.

ಅಳತೆಯ ಕೊಳವೆ

ಯಾವುದು ಚಿಕ್ಕದು, ಯಾವುದು ದೊಡ್ಡದು ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಕಾರ್ಖಾನೆಗಳವರು ಸುಮಾರು ೩.೨ ಸೆಂ.ಮೀ. ಅಗಲದ ಒಂದು ಚಿಕ್ಕ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಿಗೂ ಇಳಿಯಬಹುದೆಂದು ಲೆಕ್ಕ. ಇಂಥ ಕೊಳವೆಯನ್ನು ನಾವು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ೧೦ ಸೆಂ.ಮೀ. ಉದ್ದ, ೫.೭ ಸೆಂ.ಮೀ. ಅಗಲದ ಒಂದು ತುಂಡು ರಟ್ಟನ್ನು ಕತ್ತರಿಸಿರಿ. ಉದ್ದದ ಎರಡು ತುದಿಗಳು ಒಂದರ ಮೇಲೊಂದು ಏರದಂತೆ, ಅಂಚಿಗೆ ಅಂಚು ತಾಕುವಂತೆ ಸುತ್ತಿ, ಹೊರಗಡೆ ಕಾಗದ ಅಂಟಿಸಿರಿ. ಸರಿಯಾದ ಅಳತೆಯ ಕೊಳವೆ ಸಿದ್ಧವಾಯಿತು. ಶಾಲೆಯ ಅಳತೆಪಟ್ಟಿ ಹಿಡಿದು ಮನೆಯ ಹುಡುಗರೇ ಇದನ್ನು ಮಾಡಿಕೊಡುತ್ತಾರೆ.

ಈಗ ಮನೆಯಲ್ಲಿರುವ ಆಟಿಕೆಗಳನ್ನೆಲ್ಲ ಒಂದು ಮೊರಕ್ಕೆ ಸುರಿದು, ಒಂದೊಂದನ್ನೇ ಕೊಳವೆಗೆ ಹಾಕಿ ನೋಡಿರಿ. ಒಳಗೆ ಪೂರ್ತಿ ಅಡಗಿದುದೆಲ್ಲ ಮೇಲಿನ ಗೂಡಿಗೆ. ಅಡಗದುದು ಕೆಳಗೆ. ಚೆಂಡಿನ ಮಾತು ಬೇರೆ: ಅದು ದುಂಡಗಿದ್ದು ಗಂಟಲನ್ನು ಬಿರಡೆಯಂತೆ ಮುಚ್ಚುವುದರಿಂದ, ಚಿಕ್ಕ ಮಕ್ಕಳ ಚೆಂಡು ೪.೫ ಸೆಂ.ಮೀ.ಗಿಂತ ದೊಡ್ಡದಾಗಿಯೇ ಇರಬೇಕು. ಬಲೂನು ಊದಿದಾಗ ದೊಡ್ಡದೇ, ಆದರೆ ಒಡೆದ ಚೂರು ಗಂಟಲಿಗೆ ಅಂಟಿಕೊಂಡರೆ ಬಿಡಿಸುವುದು ಬಹು ಕಷ್ಟ. ಜಾತ್ರೆಯಿಂದ ತಂದ ಬಲೂನಿನ ಚೂರುಗಳನ್ನು ಆ ಕ್ಷಣವೇ ಆರಿಸಿ ಎಸೆಯತಕ್ಕದ್ದು.

ಆಟದ ಸಾಮಾನಲ್ಲದಿದ್ದರೂ ಕಡಲೇಕಾಯಿಯ ಮಾತನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೇಕಾಯಿ ಬೀಜವೇ ಮೊದಲನೆಯದು. ಅರೆಯುವ ದವಡೆ ಹಲ್ಲುಗಳೆಲ್ಲ ಬರುವುದಕ್ಕೆ ಎರಡೂವರೆ ಮೂರು ವರ್ಷ ಬೇಕು. ಬಂದ ಮೇಲೂ ಚೆನ್ನಾಗಿ ಅಗಿಯಲು ಕಲಿಯುವುದು ತಡವಾಗಿ. ಐದು ವರ್ಷದವರೆಗೆ ಇಡೀ ಬೀಜವನ್ನು ಕೊಡದೆ, ಕುಟ್ಟಿ ಪುಡಿ ಮಾಡಿ ಕೊಡಿರಿ. ಓಡಾಡುತ್ತಾ, ನಗುತ್ತಾ ತಿನ್ನುವುದನ್ನು ಬಿಡಿಸಿರಿ.

ಕೊಳವೆಯ ಪರೀಕ್ಷೆಗೂ ಮೀರಿದ ಕೆಲವು ವಸ್ತುಗಳಿವೆ. ಗುಲಗಂಜಿಯನ್ನು ಅಳಗುಳಿ ಮಣೆಗೂ, ಮಣ್ಣಿನ ಗೊಂಬೆಯ ಕಣ್ಣಿಗೂ ಬಳಸುವುದುಂಟು. ನೋಡಲು ಬಹಳ ಅಂದ, ಒಳಗೆ ಘೋರ ವಿಷ. ಸಿಪ್ಪೆ ಗಟ್ಟಿಯಾಗಿರುವುದರಿಂದ ಇಡಿಯಾಗಿ ನುಂಗಿದ ಬೀಜ ಕೆಲವೊಮ್ಮೆ ಹಾಗೆಯೇ ಹೊರಬೀಳುತ್ತದೆ. ಅಗಿದರೆ, ಅಥವಾ ಪೋಣಿಸಲು ತೂತು ಮಾಡಿದ ಬೀಜವಾದರೆ, ಪ್ರಾಣಕ್ಕೇ ಅಪಾಯ. ಹರಳು ಬೀಜವೂ ಹಾಗೆಯೇ. ಇವುಗಳನ್ನು ಮೇಲಿನ ಗೂಡಿಗೂ ಸೇರಿಸಬೇಡಿ. ಮನೆಯಲ್ಲಿ ಆಟಕ್ಕೆ ಇವು ಬೇಡವೇ ಬೇಡ. ಅಳಗುಳಿ ಮಣೆಗೆ ಹುಣಸೆ ಬೀಜವೇ ಸಾಕು.

ಇನ್ನೊಂದು ನಮ್ಮ ಅಜ್ಜಿಯಂದಿರು ಕಾಣದ ವಸ್ತು: ಗುಂಡಿಯಂಥ ಚಿಕ್ಕ ಬ್ಯಾಟರಿ. ಮಿನುಗುವ ಬುಗುರಿ, ಹಾಡುವ ಗೊಂಬೆ, ದೀಪಾವಳಿಗೆ ಬರುವ ಪ್ಲಾಸ್ಟಿಕ್ಕಿನ ಹಣತೆ, ಕೆಲವು ರಿಮೋಟುಗಳು, ಎಲ್ಲದರ ಹೊಟ್ಟೆಯಲ್ಲೂ ಇದು ಇರುತ್ತದೆ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡು ಗಂಟೆಯೊಳಗೇ ಅಲ್ಲಿಯ ಮಾಂಸವನ್ನು ಸುಟ್ಟುಬಿಡಬಲ್ಲದು. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಆಟಿಕೆಯನ್ನು ಕೊಳ್ಳಬೇಡಿ. ಹಳೆಯ ಬ್ಯಾಟರಿಯನ್ನು ಕಿಟಕಿಯ ಮೇಲೆ ಇಡಬೇಡಿ. ನುಂಗಿತೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಬೆಳಗಾಗಲೆಂದು ಕಾಯದೆ, ದೊಡ್ಡ ಆಸ್ಪತ್ರೆಗೆ ಹೊರಡಬೇಕು. ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳೂ, ಚಿಕ್ಕ ಅಯಸ್ಕಾಂತದ ಗುಂಡುಗಳೂ ಕರುಳಿಗೆ ಅಪಾಯವಾದುವೇ.

ಆಟದ ಜಾಗ

ಸಾಮಾನಿನ ವಿಚಾರ ಇಷ್ಟಾಯಿತು. ಕೂಸು ಎಲ್ಲಿ ಆಡಬೇಕು? ಉತ್ತರ ಸುಲಭ: ಕೆಲಸ ಮಾಡುತ್ತಿರುವವರ ಕಣ್ಣಿಗೆ ಬೀಳುವಲ್ಲಿ. ಹಿಂದೆ ಒಂದು ಮನೆಯಲ್ಲಿ ಹತ್ತು ಜನರಿದ್ದರು, ಇಪ್ಪತ್ತು ಕಣ್ಣುಗಳಿದ್ದವು. ಈಗ ಗಂಡ ಹೊಲಕ್ಕೋ ಕಾರ್ಖಾನೆಗೋ ಹೋದರೆ ಮನೆಯಲ್ಲಿ ಉಳಿಯುವುದು ಒಬ್ಬಳೇ ಹೆಂಗಸು, ಇಲ್ಲವೆ ಮಂಡಿನೋವಿನ ಅಜ್ಜಿ. "ಇಷ್ಟು ದಿನ ಮಕ್ಕಳು ಬೆಳೆಯಲಿಲ್ಲವೇ?" ಎಂದು ಕೇಳುವ ಹಿರಿಯರಿಗೆ ನಾನು ಇದನ್ನೇ ಹೇಳುವುದು. ಬೆಳೆದರು, ಬೆಳೆಯದೆ ಹೋದವರ ಲೆಕ್ಕವನ್ನು ಯಾರೂ ಇಡಲಿಲ್ಲ, ಅದೂ ನಿಜ.

ಹೊತ್ತಿನ ವಿಚಾರವೂ ಉಂಟು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳು ನೀರಿಗೆ ಬಿದ್ದು ಸಾಯುವುದು ಹೆಚ್ಚಾಗಿ ಬೆಳಿಗ್ಗೆ ೯ರಿಂದ ಮಧ್ಯಾಹ್ನ ೧ ಗಂಟೆಯೊಳಗೆ, ತಾಯಿಯ ಕೈತುಂಬ ಕೆಲಸವಿರುವಾಗ, ಎಂದು ಕಂಡುಬಂತು. ಅಲ್ಲಿ ಆ ನಾಲ್ಕು ಗಂಟೆಗಳಿಗಾಗಿಯೇ ಊರೂರಲ್ಲಿ ಶಿಶುಮನೆಗಳನ್ನು ನಡೆಸಿದರು. ನಮ್ಮ ಊರುಗಳಲ್ಲಿಯೂ ಬೆಳಗಿನ ಕೆಲಸದ ಹೊತ್ತು ಇದೇ. ಅಂಗನವಾಡಿಗೆ ಹೋಗುವ ವಯಸ್ಸಿನ ಮಗು ಆ ಹೊತ್ತಿನಲ್ಲಿ ಅಲ್ಲಿರುತ್ತದೆ. ಕೆಲವು ಗ್ರಾಮ ಪಂಚಾಯಿತಿಗಳಲ್ಲಿ, ರಾಜ್ಯ ಸರಕಾರ ೨೦೨೩ರಲ್ಲಿ ಘೋಷಿಸಿದ ಕೂಸಿನ ಮನೆಗಳಿವೆ. ಅವು ಇಲ್ಲದ ಕಡೆ ಒಂದೂವರೆ ವರ್ಷದ ಕೂಸು ಮನೆಯಲ್ಲಿಯೇ, ಅದೂ ಕೆಲಸದ ನಡುವೆಯೇ, ಬೆಳೆಯಬೇಕು.

ಆದುದರಿಂದ ಪಡಸಾಲೆಯ ಅಥವಾ ನಡುಮನೆಯ ಮೂಲೆಗಳಲ್ಲಿ ಅಡಿಗೆ ಮನೆಯಿಂದ ಕಾಣುವ ಒಂದು ಮೂಲೆಯನ್ನು ಆರಿಸಿರಿ. ಚಾಪೆಯನ್ನೋ ಹಳೆಯ ಕಂಬಳಿಯನ್ನೋ ಹಾಸಿ, ಅದು ಮಗುವಿನ ಜಾಗವೆಂದು ಮನೆಯವರಿಗೆಲ್ಲ ಗೊತ್ತುಮಾಡಿರಿ. ಆಮೇಲೆ ನೀವೇ ಆ ಚಾಪೆಯ ಮೇಲೆ ಕುಳಿತು, ಮಗುವಿನ ಎತ್ತರದಿಂದ ಸುತ್ತಲೂ ನೋಡಿರಿ. ನಿಂತಾಗ ಕಾಣದುದೆಲ್ಲ ಕಾಣುತ್ತದೆ: ಇಳಿಬಿದ್ದ ಚಾರ್ಜರಿನ ತಂತಿ, ಮಂಚದಡಿಯ ಇಲಿ ಪಾಷಾಣ, ಈಳಿಗೆ ಮಣೆ, ಎಲೆ ಅಡಿಕೆಯ ತಟ್ಟೆಯಲ್ಲಿ ಅಡಿಕೆಯ ಚೂರು, ಮೂಲೆಯಲ್ಲಿ ತಂಪು ಪಾನೀಯದ ಸೀಸೆಯೊಳಗೆ ತುಂಬಿಟ್ಟ ಕಳೆನಾಶಕ. ಈ ಕೊನೆಯದನ್ನು ಕಂಡರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. ಕುಡಿಯುವ ಸೀಸೆಯಲ್ಲಿ ಔಷಧ ತುಂಬುವ ಗಂಡಸರು ಈ ಪುಟವನ್ನು ಓದದಿದ್ದರೆ ಓದಿ ಹೇಳಿರಿ. ಸಿಂಪಡಿಸುವ ಔಷಧ ಅದರದೇ ಡಬ್ಬಿಯಲ್ಲಿ, ಬೀಗದೊಳಗೆ, ಸಾಧ್ಯವಾದರೆ ಮನೆಯ ಹೊರಗೆ ಇರತಕ್ಕದ್ದು.

ಒಲೆಯಿಂದ ಒಂದು ಮೀಟರಿನೊಳಗೆ ಮಗು ಬರಕೂಡದು. ಅಡಿಗೆ ಮನೆಯ ಬಾಗಿಲಿಗೆ ಒಂದು ಹಲಗೆ ಅಡ್ಡ ನಿಲ್ಲಿಸಿದರೆ ಇದು ತಾನಾಗಿ ಆಗುತ್ತದೆ. ಗ್ಯಾಸಿನ ಒಲೆ ಎತ್ತರದ ಕಟ್ಟೆಯ ಮೇಲಿದೆಯೆಂದು ನೆಮ್ಮದಿಯಿಂದಿರುವವರೂ ಕುದಿಯುವ ಸಾರಿನ ಪಾತ್ರೆಯನ್ನು ಊಟಕ್ಕೆಂದು ನೆಲದ ಮೇಲೆ ತಂದಿಡುತ್ತಾರೆ. ಬಚ್ಚಲಿನ ಹಂಡೆಯ ವಿಚಾರ ಹೇಳಬೇಕಾದುದಿಲ್ಲ. ಸುಟ್ಟರೆ ಮಾಡಬೇಕಾದುದು ಒಂದೇ: ಸುರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದು. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟು, ಯಾವುದನ್ನೂ ಹಚ್ಚಬಾರದು.

ನೀರಿನ ಭಯವನ್ನು ನಾವು ಬಾವಿ, ಕೆರೆಗಳಿಗೇ ಮೀಸಲಿಟ್ಟಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಜಗತ್ತಿನಲ್ಲಿ ಸುಮಾರು ೩ ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಚಿಕ್ಕ ಮಗು ಮುಳುಗಲು ಐದು ಸೆಂ.ಮೀ. ನೀರೂ ಸಾಕು. ತಲೆ ಭಾರವಾಗಿರುವುದರಿಂದ ಬಕೀಟಿಗೆ ತಲೆಕೆಳಗಾಗಿ ಬಿದ್ದ ಕೂಸು ಮೇಲೇಳಲಾರದು, ಕೂಗಲೂ ಆರದು. ದನಗಳ ಕಲಗಚ್ಚಿನ ಬಾನಿ, ಬಟ್ಟೆ ನೆನೆಹಾಕಿದ ಟಬ್ಬು, ಮನೆಯ ಮುಂದಿನ ಸಂಪು, ಇವೇ ನಿಜವಾದ ಬಾವಿಗಳು. ಖಾಲಿಯಾದ ಬಕೀಟನ್ನು ಮಗುಚಿಡಿ. ಸಂಪಿನ ಮುಚ್ಚಳಕ್ಕೆ ಕೊಂಡಿ ಹಾಕಿಸಿ. ಹೊಲದಲ್ಲಿ ಮನೆ ಮಾಡಿಕೊಂಡಿರುವವರು ಕೃಷಿಹೊಂಡಕ್ಕೆ ಬೇಲಿ ಹಾಕದೆ ಇರಲೇಬಾರದು. ಅದರ ಒಳಗೆ ಹಾಸಿದ ಪ್ಲಾಸ್ಟಿಕ್ಕಿನ ಹಾಳೆ ಜಾರುವುದರಿಂದ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ.

ಕೈ ಬಿಡುವಿಲ್ಲದ ಹೊತ್ತಿಗೆ ಬಿದಿರಿನ ಕಟಕಟೆಯೊಂದನ್ನು ಮಾಡಿಸಿಕೊಳ್ಳಬಹುದು. ಬುಟ್ಟಿ ಹೆಣೆಯುವವರಿಗೆ ಅಳತೆ ಹೇಳಿದರೆ ಮಾಡಿಕೊಡುತ್ತಾರೆ. ಎತ್ತರ ೬೦ ಸೆಂ.ಮೀ.ಗೆ ಕಡಿಮೆಯಿರಬಾರದು. ಕಡ್ಡಿಗಳು ನೆಟ್ಟಗೆ ನಿಂತಿರಬೇಕು. ಅಡ್ಡಕಡ್ಡಿಯಿದ್ದರೆ ಮಗುವಿಗೆ ಏಣಿ ಕೊಟ್ಟಂತೆ. ಎರಡು ಕಡ್ಡಿಗಳ ನಡುವಣ ಸಂದು ೬ ಸೆಂ.ಮೀ. ಮೀರಿದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಭಯವುಂಟು. ಬಿದಿರಿನ ಸಿಬಿರುಗಳನ್ನು ಚೆನ್ನಾಗಿ ಉಜ್ಜಿ ತೆಗೆಸಿರಿ. ಹತ್ತಿ ದಾಟಲು ಕಲಿತ ದಿನವೇ ಕಟಕಟೆಯ ಕೆಲಸ ಮುಗಿಯಿತು. ಅಲ್ಲಿಯವರೆಗೂ ಅದು ಕಣ್ಣಿಗೆ ನೆರವೇ ಹೊರತು, ಕಣ್ಣಿನ ಬದಲಲ್ಲ.

ತೊಟ್ಟಿಲಿನ ಮಾತೊಂದು. ಸೀರೆಯ ಜೋಲಿಯಲ್ಲಿ ಕೂಸು ಮಲಗಿರುವುದು ಒಂದು. ಅದು ಬೆಳೆದ ಮೇಲೂ ಜೋಲಿ ತೂಗುತ್ತಲೇ ಇದ್ದು, ದೊಡ್ಡ ಮಕ್ಕಳು ಅದರಲ್ಲಿ ಉಯ್ಯಾಲೆಯಾಡುತ್ತಾ ಗಿರಗಿರನೆ ತಿರುಗುವುದು ಇನ್ನೊಂದು. ಬಟ್ಟೆ ಹುರಿಯಾಗಿ ಕೊರಳಿಗೆ ಸುತ್ತಿಕೊಂಡು ಪ್ರಾಣ ಹೋದ ಸುದ್ದಿ ವರ್ಷ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ಕೂಸನ್ನು ಎತ್ತಿಕೊಂಡ ಕೂಡಲೇ ಜೋಲಿಯನ್ನು ಗಂಟುಹಾಕಿ ಮೇಲಕ್ಕೆ ಕಟ್ಟಿಬಿಡಿ.

ಜೋಡಿಸುವ ರೀತಿ

ನಮ್ಮ ಹಳೆಯ ಗೋಡೆಗಳಲ್ಲಿ ಗೂಡುಗಳಿವೆ. ಹೊಸ ಮನೆಗಳಲ್ಲಿ ಕಡಪ ಕಲ್ಲಿನ ಹಲಗೆಗಳಿವೆ. ಇವೇ ಸಾಕು. ನೆಲಕ್ಕೆ ಹತ್ತಿರದ ಗೂಡು ಕೂಸಿನದು. ಅಲ್ಲಿರುವುದನ್ನು ಅದು ಯಾರನ್ನೂ ಕೇಳದೆ ತೆಗೆಯಬಹುದು, ಬಾಯಿಗಿಡಬಹುದು, ಎಸೆಯಬಹುದು. ನಿಮ್ಮ ಕೈಗೆ ಎಟುಕುವ, ಎಂಟು ವರ್ಷದವರ ಕೈಗೆ ಎಟುಕದ ಗೂಡು ಗೋಲಿ, ಬೀಜ, ಬುಗುರಿ, ಕತ್ತರಿಗಳದು. ದೊಡ್ಡ ಮಕ್ಕಳು ಕೇಳಿ ಇಳಿಸಿಕೊಳ್ಳಲಿ. ಕೂಸು ಮಲಗಿರುವಾಗ ಪಡಸಾಲೆಯಲ್ಲಿ, ಎದ್ದಿರುವಾಗ ಹೊರಗೆ ಜಗಲಿಯ ಮೇಲೆ ಆಡಲಿ. ಬೀಜಗಳನ್ನು ಎಣಿಸಿ ಚೀಲಕ್ಕೆ ಹಾಕುವ ಪದ್ಧತಿ ಮಾಡಿಸಿರಿ. ನಮ್ಮ ಹುಡುಗಿಯ ಚೀಲದ ಮೇಲೆ ಎಪ್ಪತ್ತು ಎಂದು ಹೊಲಿದಿದೆ. ಅರವತ್ತೊಂಬತ್ತಾದರೆ ಎಲ್ಲರೂ ನೆಲ ಹುಡುಕುತ್ತೇವೆ, ಅವಳೊಬ್ಬಳೇ ಅಲ್ಲ.

ಭಾರದ ಮುಚ್ಚಳದ ಟ್ರಂಕಿನಲ್ಲಿ ಆಟಿಕೆ ತುಂಬಬೇಡಿ. ಮುಚ್ಚಳ ಕೊರಳಿನ ಮೇಲೆ, ಬೆರಳಿನ ಮೇಲೆ ಬೀಳುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಮಕ್ಕಳು ಒಳಗೇ ಅಡಗಿ ಉಸಿರುಕಟ್ಟುವುದೂ ಉಂಟು. ಬಾಯಿ ಅಗಲವಾದ ಬಿದಿರ ಬುಟ್ಟಿ ಎಲ್ಲಕ್ಕಿಂತ ಮೇಲು. ಪ್ಲಾಸ್ಟಿಕ್ಕಿನ ಚೀಲ ಬೇಡ. ಮಗು ತಲೆಗೆ ಹಾಕಿಕೊಳ್ಳುತ್ತದೆ. ಗೊಬ್ಬರದ ಚೀಲವಂತೂ ತೊಳೆದರೂ ಬೇಡ. ಮನಸ್ಸಿಗೆ ಹಿಡಿದ ಆಟಿಕೆಯನ್ನು ಬೀರುವಿನ ತಲೆಯ ಮೇಲೋ ಟಿ.ವಿ.ಯ ಮೇಲೋ ಇಟ್ಟರೆ ಮಗು ಹತ್ತದೆ ಬಿಡುವುದಿಲ್ಲ. ಬೀರು ಮುಂದಕ್ಕೆ ಬೀಳುತ್ತದೆ. ಹಗುರವಾದ ಬೀರನ್ನು ಗೋಡೆಗೆ ಕೊಂಡಿ ಹೊಡೆದು ಬಿಗಿಯಬೇಕು. ಇದು ಮನೆಯ ಗಂಡಸರ ಕೆಲಸ, ಅರ್ಧ ಗಂಟೆಯದು.

ನೆಲದ ಮೂಲೆಯಲ್ಲಿ ರಾಶಿ ಬಿದ್ದ ಆಟಿಕೆಗಳ ಅಡಿ ಚೇಳು ಸೇರಬಹುದು. ಮಳೆಗಾಲದಲ್ಲಿ ಬುಟ್ಟಿಯನ್ನು ರಾತ್ರಿ ಗೂಟಕ್ಕೆ ತೂಗುಹಾಕಿ, ಬೆಳಿಗ್ಗೆ ಕೊಡವಿ ಕೊಡುವುದು ನಮ್ಮ ಮನೆಯ ಪದ್ಧತಿ.

ಆಟಿಕೆ ಹೆಚ್ಚಿದಷ್ಟೂ ಮಗು ಚೆನ್ನಾಗಿ ಆಡುತ್ತದೆಂಬುದು ಸುಳ್ಳು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ೨೦೧೮ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ೩೬ ಚಿಕ್ಕ ಮಕ್ಕಳಿಗೆ ಒಮ್ಮೆ ೪ ಆಟಿಕೆ, ಇನ್ನೊಮ್ಮೆ ೧೬ ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರಲ್ಲಿಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಾಗಿ ಆಡಿದರು. ಕೆಳಗಿನ ಗೂಡಿನಲ್ಲಿ ನಾಲ್ಕೈದು ಇಟ್ಟು, ಉಳಿದುದನ್ನು ಕಟ್ಟಿಟ್ಟು, ವಾರಕ್ಕೊಮ್ಮೆ ಬದಲಿಸಿರಿ. ಬದಲಿಸಿದ ದಿನ ಹೊಸದನ್ನು ಕೊಂಡಷ್ಟೇ ಸಂತೋಷ, ಖರ್ಚಿಲ್ಲ. ಆ ದಿನವೇ ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಬಿರುಕು, ಸಡಿಲವಾದ ಗಾಲಿ, ಕಿತ್ತು ಬರುವ ಕಣ್ಣು ಇದ್ದುದನ್ನು ತೆಗೆದುಹಾಕಿರಿ. ಎರಡು ವರ್ಷದ ಮಗುವಿಗೂ ಒಂದು ಬುಟ್ಟಿ ತೋರಿಸಿದರೆ ತಂದು ಹಾಕುತ್ತದೆ. ಗದರಿದರೆ ಹಾಕುವುದಿಲ್ಲ, ಜೊತೆಗೆ ಕುಳಿತು ಹಾಕಿದರೆ ಹಾಕುತ್ತದೆ.

ಕೊಳ್ಳುವುದಾದರೆ ಐ.ಎಸ್.ಐ. ಗುರುತು ನೋಡಿ ಕೊಳ್ಳಿರಿ. ೨೦೨೧ರ ಜನವರಿ ೧ರಿಂದ ಕಾರ್ಖಾನೆಯ ಆಟಿಕೆಗಳಿಗೆ ಇದನ್ನು ಕಡ್ಡಾಯ ಮಾಡಲಾಗಿದೆ. ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿಯುಂಟು, ಆದುದರಿಂದ ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಇಲ್ಲದಿದ್ದರೆ ಹೆದರಬೇಕಾಗಿಲ್ಲ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮಾಡುವ ಆ ಗೊಂಬೆಗಳು ನಯವಾಗಿರುತ್ತವೆ, ಚೂಪು ಇರುವುದಿಲ್ಲ. ಅವುಗಳಲ್ಲಿಯೂ ಚಿಕ್ಕ ಮಣಿಗಳಿದ್ದರೆ ಕೊಳವೆಯ ಪರೀಕ್ಷೆ ತಪ್ಪಿದ್ದಲ್ಲ. ಹಳೆಯ ಬಾಗಿಲಿಗೆ ಬಳಿದು ಉಳಿದ ಬಣ್ಣವನ್ನು ಮಾತ್ರ ಆಟಿಕೆಗೆ ಬಳಿಯಬೇಡಿ. ಮೊದಲಿನ ಬಣ್ಣಗಳಲ್ಲಿ ಸೀಸ ಬಹಳವಿರುತ್ತಿತ್ತು. ಅದನ್ನು ೨೦೧೭ರ ನವೆಂಬರಿನಿಂದ ಹತ್ತು ಲಕ್ಷಕ್ಕೆ ೯೦ ಭಾಗಕ್ಕೆ ಕಾನೂನು ಮಿತಿಗೊಳಿಸಿದೆ. ಮನೆಯಲ್ಲಿ ಹೊಲಿದ ಬಟ್ಟೆಯ ಬೊಂಬೆ ಎಲ್ಲಕ್ಕಿಂತ ಒಳ್ಳೆಯದು. ಕಣ್ಣಿಗೆ ಗುಂಡಿ ಬೇಡ, ದಾರದಲ್ಲಿ ಹೊಲಿಯಿರಿ.

ಗಂಟಲಿಗೆ ಸಿಕ್ಕಿಕೊಂಡರೆ

ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ. ಅದು ಇನ್ನೂ ಕೆಳಕ್ಕೆ ಹೋಗುತ್ತದೆ. ಸದ್ದೇ ಹೊರಡದೆ, ಉಸಿರಾಡಲಾರದೆ ಇದ್ದರೆ ತಡಮಾಡಕೂಡದು. ಒಂದು ವರ್ಷದೊಳಗಿನ ಕೂಸನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ದವಡೆಯನ್ನು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು ಕೊಡಿ. ಬರದಿದ್ದರೆ ಮಗುಚಿ, ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ. ವರ್ಷ ತುಂಬಿದ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಪೆಟ್ಟು. ಆಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಒಂದಾದ ಮೇಲೊಂದರಂತೆ ಮಾಡುತ್ತಿರಿ. ಅಷ್ಟರಲ್ಲಿ ಇನ್ನೊಬ್ಬರು ೧೦೮ಕ್ಕೆ ಫೋನು ಮಾಡಲಿ. ಮಗು ಎಚ್ಚರ ತಪ್ಪಿದರೆ ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ೧೦೮ರವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತುತ್ತಿರಬೇಕು. ಹೊಟ್ಟೆ ಒತ್ತಿದ ಮಗುವನ್ನು, ಚೇತರಿಸಿಕೊಂಡಂತೆ ಕಂಡರೂ, ಒಮ್ಮೆ ವೈದ್ಯರಿಗೆ ತೋರಿಸಿರಿ.

ಕೆಮ್ಮು ತಾನಾಗಿ ನಿಂತು ವಸ್ತು ಹೊರಗೆ ಬಿದ್ದುದು ಕಾಣದಿದ್ದರೆ, ನಾವು ಮಾಡಿದಂತೆ ಸುಮ್ಮನಿರಬೇಡಿ. ಬೀಜಗಳು ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವುದರೊಡನೆ ಆಡುತ್ತಿದ್ದಾಗ ಕೆಮ್ಮಿತೆಂಬುದನ್ನು ವೈದ್ಯರಿಗೆ ಹೇಳಬೇಕಾದವರು ನೀವೇ. ಅಂಥದೇ ಇನ್ನೊಂದು ಬೀಜವನ್ನು ಜೊತೆಗೆ ತೆಗೆದುಕೊಂಡು ಹೋದರೆ ಅವರಿಗೆ ಇನ್ನೂ ಅನುಕೂಲ.